ಉದ್ದ ಬಾಲದ ಕಾರಿಗೆ ಎಂಥ ಎಂಜಿನ್?

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. "ಡೀಸೆಲ್ ಗಾಡಿ ತಗೊಳ್ಳೋದೋ, ಪೆಟ್ರೋಲ್ ಗಾಡಿ ತಗೊಳ್ಳೋದೋ?" ಎಂದು ಯಾರಾದರೂ ಕೇಳಿದರೆ ನನಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಕೇಳಿದವರು ನಿಂತಿದ್ದರೆ ಕೂರಿಸುತ್ತೇನೆ, ಕೂತಿದ್ದರೆ ಇನ್ನೊಂದು ಲೋಟ ಕಾಫಿ ತರಿಸುತ್ತೇನೆ. ಒಮ್ಮೆ ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು ಕೋಸಂಬರಿ ಬಡಿಸುವ ಹೊತ್ತಿಗೆ ಈ ಪ್ರಶ್ನೆ ಕೇಳಿದರು. ಇಂಧನ ಹೇಗೆ ಹೊತ್ತಿಕೊಳ್ಳುತ್ತದೆ ಎಂಬಲ್ಲಿಂದ ಶುರುಮಾಡಿ ನಾನು ಗೇರುಪೆಟ್ಟಿಗೆಯವರೆಗೆ ಬಂದು ನೋಡುತ್ತೇನೆ, ಅವರು ಕೈತೊಳೆದು ತಾಂಬೂಲ ತೆಗೆದುಕೊಂಡು ಹೋಗಿಯಾಗಿತ್ತು. ಮಜ್ಜಿಗೆ ಬಡಿಸುವವನೊಬ್ಬ ಮಾತ್ರ ಸೌಟು ಹಿಡಿದು ನಿಂತು ಕೇಳುತ್ತಿದ್ದ. ಅವನಿಗೊಂದು ಟೆಂಪೋ ಕೊಳ್ಳುವ ಯೋಚನೆಯಿತ್ತಂತೆ.

ತಪ್ಪು ನನ್ನದಲ್ಲ, ನನ್ನ ಕಸುಬಿನದು ಎಂದು ಹೇಳಿಕೊಳ್ಳುತ್ತೇನೆ. ಸರ್ಕಾರಿ ಕಾರ್ಖಾನೆಯೊಂದರ ಎಂಜಿನ್ ಪರೀಕ್ಷೆಯ ಶೆಡ್ಡಿನಲ್ಲಿ ಮೂವತ್ತಮೂರು ವರ್ಷ ದುಡಿದೆ. ತಗಡಿನ ಸೂರು, ಕೆಳಗೆ ಸಾಲಾಗಿ ಡೀಸೆಲ್ ಎಂಜಿನ್ನುಗಳು. ಒಂದೊಂದನ್ನೂ ಗಂಟೆಗಟ್ಟಲೆ ಓಡಿಸಿ, ಹೊಗೆ ನೋಡಿ, ಸದ್ದು ಕೇಳಿ, ಪಾಸು-ಫೇಲು ಮಾಡುವುದು ನನ್ನ ಕೆಲಸ. ಕಿವಿ ಮುಚ್ಚಿಕೊಳ್ಳುವ ಸಾಧನ ಕೊಟ್ಟಿದ್ದರು. ಅದನ್ನು ನಾವು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಎಂಜಿನ್ನಿನ ಒಳಮಾತು ಕೇಳುವುದಿಲ್ಲ ಎಂಬ ಜಂಬ. ಎಂಜಿನ್ನಿನ ಪಕ್ಕ ಕಣ್ಣುಮುಚ್ಚಿ ನಿಂತು "ಮೂರನೇ ಸಿಲಿಂಡರ್ ಸ್ವಲ್ಪ ಮುನಿಸಿಕೊಂಡಿದೆ" ಎಂದು ಹೇಳುವುದರಲ್ಲಿ ನನಗೆ ಹೆಸರಿತ್ತು.

ಹಾಗಾಗಿ ಡೀಸೆಲ್ ಎಂದರೆ ನನಗೆ ಪಕ್ಷಪಾತ. ಪೆಟ್ರೋಲಿಗೆ ಹೊರಗಿನಿಂದ ಯಾರಾದರೂ ಕಿಡಿ ಹಚ್ಚಬೇಕು. ಡೀಸೆಲ್ಲಿಗೆ ಅದು ಬೇಡ. ಗಾಳಿಯನ್ನು ಒತ್ತಿ ಒತ್ತಿ ಕೆಂಡದಷ್ಟು ಬಿಸಿಮಾಡಿ, ಅದರೊಳಗೆ ಒಂದು ಹನಿ ಚಿಮ್ಮಿಸಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುತ್ತದೆ. ಒತ್ತಡದಲ್ಲೇ ಅದರ ಕೆಲಸ. "ನಾನು ಡೀಸೆಲ್ ಮನುಷ್ಯ, ನೀನು ಪೆಟ್ರೋಲು" ಎಂದು ನನ್ನ ಹೆಂಡತಿ ಸರೋಜಳಿಗೆ ಆಗಾಗ ಹೇಳುತ್ತಿದ್ದೆ. "ನಾನು ಬರೀ ಮನುಷ್ಯಳು, ಅಷ್ಟೇ ಸಾಕು" ಎನ್ನುತ್ತಿದ್ದಳು. ಹಾಗೆಂದಳೆಂದು ನಾನು ಅಂದುಕೊಂಡಿದ್ದೇನೆ. ಯಾಕೆ ಹೀಗೆ ಅನುಮಾನದಿಂದ ಬರೆಯುತ್ತಿದ್ದೇನೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಸರೋಜ ಕಾರ್ಖಾನೆಯ ಕಾಲೊನಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಇಬ್ಬರೂ ನಿವೃತ್ತರಾಗಿ ಚಂದಾಪುರದ ಹತ್ತಿರ ಮನೆ ಕಟ್ಟಿಕೊಂಡ ಮೇಲೆ ನಾನು ಪೇಪರು ಓದುವುದನ್ನು ಹವ್ಯಾಸ ಮಾಡಿಕೊಂಡೆ. ಅವಳು ಆನೇಕಲ್ಲಿನಾಚೆ ಕೆರೆಯ ಏರಿಯ ಕೆಳಗೆ ಅರ್ಧ ಎಕರೆ ಜಮೀನು ಗುತ್ತಿಗೆಗೆ ಹಿಡಿದು ಗಿಡ ಬೆಳೆಸಲು ಶುರುಮಾಡಿದಳು. ಹೂವಿನ ಕುಂಡಗಳಲ್ಲ, ಮರವಾಗುವ ಗಿಡಗಳು: ಹೊಂಗೆ, ನೇರಳೆ, ಹಿಪ್ಪೆ, ಅತ್ತಿ. ಬೀಜವನ್ನು ತಾನೇ ಆಯ್ದು ತಂದು, ಕಪ್ಪು ಚೀಲಗಳಲ್ಲಿ ಮಣ್ಣು ತುಂಬಿ, ಮೊಣಕಾಲೆತ್ತರ ಬೆಳೆಸಿ, ಶಾಲೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಕೊಡುತ್ತಿದ್ದಳು. ನಾಲ್ಕು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿದ್ದು ಹತ್ತು ಸಲವೂ ಇರಲಾರದು.

ಗಿಡ ಸಾಗಿಸುವುದೇ ಕಷ್ಟವಾಗಿತ್ತು. ಲಗೇಜ್ ಆಟೋದಲ್ಲಿ ಹಾಕಿದರೆ ಹೊಸೂರು ರಸ್ತೆಯ ಗಾಳಿಗೆ ಎಲೆಯೆಲ್ಲ ಬಾಡಿ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಏರಿಯಿಂದ ತೋಟಕ್ಕಿಳಿಯುವ ಕೊನೆಯ ಇಳಿಜಾರು ಮಳೆ ಬಂದರೆ ರಾಗಿ ಅಂಬಲಿಯಂತಾಗುತ್ತಿತ್ತು. ಆಟೋದವರು ಮೇಲೆಯೇ ನಿಂತು "ಕೆಳ್ಗಡೆ ಬರಲ್ಲ ಮೇಡಂ" ಎನ್ನುತ್ತಿದ್ದರು. ಸರೋಜ ಬುಟ್ಟಿಯಲ್ಲಿ ಎರಡೆರಡೇ ಗಿಡ ಹೊತ್ತು ಏರಿ ಹತ್ತುತ್ತಿದ್ದಳು. ಜೀಪಿನಂಥ ಎತ್ತರದ ಗಾಡಿ ಕೊಂಡರೆ ಮಣ್ಣು ತುಂಬಿದ ಚೀಲವನ್ನು ಎದೆಯವರೆಗೆ ಎತ್ತಬೇಕು, ಅವಳ ಸೊಂಟ ಅದಕ್ಕೆ ಒಪ್ಪುವುದಿಲ್ಲ.

ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು. ಒಂದು ಜಾತಿಯ ಕಾರು ಇದೆ. ಮುಂದಿನಿಂದ ನೋಡಿದರೆ ಸಾಮಾನ್ಯ ಕಾರು. ಹಿಂದೆ ಡಿಕ್ಕಿಯ ಜಾಗದಲ್ಲಿ ಸೂರು ಬಾಲದವರೆಗೆ ಮುಂದುವರಿದಿರುತ್ತದೆ. ಹಿಂದಿನ ಬಾಗಿಲು ತೆಗೆದರೆ ಮೊಣಕಾಲೆತ್ತರದಲ್ಲಿ ಸಮತಟ್ಟಾದ ನೆಲ. ತಿಳಿದವರು ಅದನ್ನು ಎಸ್ಟೇಟ್ ಕಾರು ಎನ್ನುತ್ತಾರೆ. ಅದರಲ್ಲೂ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುವಂಥದ್ದು, ಅಂದರೆ ಫೋರ್ ವ್ಹೀಲ್ ಡ್ರೈವ್, ಸಿಕ್ಕಿದರೆ ಕೆಸರಿನಲ್ಲಿ ಒಂದು ಚಕ್ರ ಸೋತರೂ ಉಳಿದವು ಎಳೆಯುತ್ತವೆ. ನಮ್ಮಲ್ಲಿ ಇಂಥವು ಮಾರಾಟವಾದದ್ದೇ ಕಡಿಮೆ. ಪೀಣ್ಯದ ಎರಡನೇ ಹಂತದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಹಳೆಯ ಸಹೋದ್ಯೋಗಿ ಚಾಂದ್ ಪಾಷಾನಿಗೆ ಫೋನು ಮಾಡಿದೆ. ನಾವಿಬ್ಬರೂ ಒಂದೇ ಶೆಡ್ಡಿನವರು. ನಾವು ಫೋನಿನಲ್ಲಿ ಕ್ಷೇಮಸಮಾಚಾರ ಮಾತಾಡಿದರೂ ಅಕ್ಕಪಕ್ಕದವರು ಜಗಳವೆಂದುಕೊಳ್ಳುತ್ತಾರೆ.

ಎರಡು ವಾರದಲ್ಲಿ ಅವನು ಎರಡು ಕಾರು ಪತ್ತೆಮಾಡಿದ. ಒಂದೇ ಕಂಪನಿ, ಒಂದೇ ಮಾದರಿ, ಎರಡಕ್ಕೂ ನಾಲ್ಕು ಚಕ್ರದ ಎಳೆತ. ವೈಟ್‌ಫೀಲ್ಡಿನದು ಡೀಸೆಲ್, ಬೇಗೂರಿನದು ಪೆಟ್ರೋಲ್. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಹಿಡಿದು ಜಗಳಕ್ಕೆ ನಿಲ್ಲುತ್ತೀರಿ.

"ಪೆಟ್ರೋಲ್ ನೋಡೋದೇ ಬೇಡ. ಎಳೆತ ಅಂದ್ರೆ ಡೀಸೆಲ್ಲು" ಎಂದೆ ನಾನು.

"ಎರಡೂ ನೋಡೋಣ ರೀ. ಪೆಟ್ರೋಲ್ ಗಾಡೀಲಾದ್ರೆ ಕೂತು ಮಾತಾಡೋಕಾದ್ರೂ ಆಗತ್ತೆ" ಎಂದಳು ಸರೋಜ. ಆಗಲೇ ಮಾರಿಬಿಟ್ಟಿದ್ದ ನಮ್ಮ ಹಳೆಯ ಕಾರು ಡೀಸೆಲ್ಲಿನದು. ಅದರಲ್ಲಿ ಅವಳು ಹೇಳಿದ್ದು ನನಗೆ ಕೇಳುತ್ತಿರಲಿಲ್ಲ. ನಾನು "ಹೂಂ" ಎನ್ನುತ್ತಿದ್ದೆ, ಇಲ್ಲವೇ ಎಂಜಿನ್ ಸದ್ದನ್ನು ದೂರುತ್ತಿದ್ದೆ. ಹದಿನೈದು ವರ್ಷ ನಮ್ಮ ಪ್ರಯಾಣಗಳು ಹೀಗೇ ಸಾಗಿದ್ದವು.

ಮೊದಲು ವೈಟ್‌ಫೀಲ್ಡಿಗೆ ಹೋದೆವು. ಕಾರಿನ ಒಡತಿ ಅನಿತಾ ಎಂಬ ಹುಡುಗಿ, ಮೂವತ್ತೈದರ ಆಸುಪಾಸು. ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಪ್ಪೆ ಮುಖ ಮಾಡಿಕೊಂಡು ನಿಂತಿತ್ತು. ಶುರುಮಾಡಿದರೆ ಎದುರಿನ ಫಲಕದಲ್ಲಿ ಹಳದಿ ದೀಪ.

"ಅಂಕಲ್, ನನ್ನ ಆಫೀಸ್ ಇಲ್ಲೇ ಎರಡು ಕಿಲೋಮೀಟರ್. ಹೋಗೋದು, ಬರೋದು, ಅಷ್ಟೇ. ಈ ದೀಪ ಹೋಗೋದೇ ಇಲ್ಲ."

ಜೊತೆಗೆ ಬಂದಿದ್ದ ಪಾಷಾ ಬಾಗಿ ಹೊಗೆಕೊಳವೆ ಮೂಸಿದ. "ಹೊಗೆ ಸೋಸೋ ಜಾಲರಿ ಕಟ್ಕೊಂಡಿದೆ ಮೇಡಂ. ಡೀಸೆಲ್ಲಿಗೆ ಓಟ ಬೇಕು. ದೂರ ಓಡಿದ್ರೆ ಒಳಗಿನ ಮಸಿ ತಾನೇ ಸುಟ್ಟೋಗತ್ತೆ. ಹಿಂಗೆ ಕಟ್ಟಾಕಿದ್ರೆ ಉಸ್ರು ಕಟ್ಟತ್ತೆ."

ನಾನು ಹೊರಗೆ ಓಡಿಸಿ ನೋಡುವಷ್ಟರಲ್ಲಿ ಸರೋಜ ಮತ್ತು ಅನಿತಾ ಗಿಡಗಳ ಮಾತಿಗಿಳಿದಿದ್ದರು. ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೆರೆ ಇದೆ. ನಿವಾಸಿಗಳೆಲ್ಲ ಸೇರಿ ಅದನ್ನು ಚೊಕ್ಕಟ ಮಾಡಿದ್ದಾರೆ. ಸುತ್ತ ನೆಡಲು ಈ ಮಳೆಗಾಲದಲ್ಲಿಯೇ ಮುನ್ನೂರು ಗಿಡ ಬೇಕು, ಅದೂ ಊರಿನ ಮರಗಳೇ ಬೇಕು. ಸರೋಜಳ ಮುಖ ನೋಡಿ ಸಂತೋಷವಾಗಿದೆ ಎಂದುಕೊಂಡೆ. ಮುಖದಲ್ಲಿ ಸಂತೋಷದ ಜೊತೆ ಇನ್ನೇನೋ ಇತ್ತು. ಅದನ್ನು ವಿಚಾರಿಸುವ ಬದಲು ನಾನು ಮನೆಯವರೆಗೂ ಜಾಲರಿಯ ರಚನೆಯನ್ನು ವಿವರಿಸಿದೆ.

ಮುಂದಿನ ಭಾನುವಾರ ಬೇಗೂರು. ಕಾರಿನ ಮಾಲೀಕ ಮುನಿರಾಜಪ್ಪ ಹುಟ್ಟಾ ಊರಿನವರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಮನೆಗಳಿವೆ. ದೇವಸ್ಥಾನದ ಹತ್ತಿರದ ಇಕ್ಕಟ್ಟಿನ ಬೀದಿಯಲ್ಲಿ ಕಾರನ್ನು ಹೊದಿಕೆ ಹಾಕಿ ಎಮ್ಮೆಯಂತೆ ಕಾಪಾಡಿಕೊಂಡಿದ್ದರು.

"ಗಾಡಿ ಚಿನ್ನ ಸಾರ್. ಆದ್ರೆ ಉದ್ದ ನೋಡಿ, ನಮ್ ಬೀದೀಲಿ ತಿರುಗ್ಸಕ್ಕಾಗಕಿಲ್ಲ. ಮೂತಿ ಒಂದ್ ಬೀದೀಲಿದ್ರೆ ಬಾಲ ಇನ್ನೊಂದ್ ಬೀದೀಲಿರ್ತದೆ. ನಿಂಗಮ್ಮನ ಮನೆ ಮೆಟ್ಲು ಎಲ್ಡ್ ಸಲ ಮುರ್ದೋಯ್ತು. ಅದ್ಕೇ ಮಾರ್ತಾ ಇವ್ನಿ."

ಮುನಿರಾಜಪ್ಪ ಹಿಂದೆ ಕೂತರು, ಸರೋಜ ನನ್ನ ಪಕ್ಕ. ಬೀದಿ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಅಗಲವಾದ ರಸ್ತೆಗೆ ಬಂದ ಮೇಲೆ ನನಗೆ ಎಂಜಿನ್ ಇದೆಯೋ ಇಲ್ಲವೋ ಎಂದೇ ಅನುಮಾನವಾಯಿತು. ಅಷ್ಟು ನಿಶ್ಶಬ್ದ. ಪಕ್ಷಪಾತ ಮರೆತು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅಷ್ಟರಲ್ಲಿ ಸರೋಜ ಏನೋ ಹೇಳಿದಳು. ಗಾಡಿಯ ನಿಶ್ಶಬ್ದವನ್ನೇ ಮೆಚ್ಚಿ ಹೇಳಿರಬೇಕು.

"ಹೌದು, ನಂಗೂ ಹಾಗೇ ಅನ್ನಿಸ್ತು" ಎಂದೆ, ರಸ್ತೆ ನೋಡುತ್ತ. ಅವಳು ಮತ್ತೇನೋ ಕೇಳಿದಳು.

"ಬೇಜಾರೇನು ಬಂತು? ನೆಮ್ಮದಿ!" ಎಂದು ನಕ್ಕೆ.

ಆಮೇಲೆ ಅವಳು ಮಾತಾಡಲಿಲ್ಲ. ಅವಳಿಗೂ ಈ ನಿಶ್ಶಬ್ದ ಹಿಡಿಸಿದೆ ಎಂದುಕೊಂಡೆ. ಹಿಂದೆ ಮುನಿರಾಜಪ್ಪ ಒಮ್ಮೆ ಕೆಮ್ಮಿದರು.

ನಾಲ್ಕು ದಿನ ಕಳೆದು ಬೆಳಿಗ್ಗೆ ಮುನಿರಾಜಪ್ಪನವರ ಫೋನು ಬಂತು. ಫೋನಿನ ಸದ್ದನ್ನು ನಾನು ಪೂರ್ತಿ ಮೇಲಕ್ಕೇರಿಸಿಟ್ಟಿರುತ್ತೇನೆ. ಹಾಗಾಗಿ ಒಂದೊಂದು ಅಕ್ಷರವೂ ಕೇಳಿತು.

"ಸಾರ್, ಗಾಡಿ ಬೇಕಾ ಬ್ಯಾಡ್ವಾ ಯೋಳ್ಬುಡಿ. ಅಕ್ಕೋರು ತೋಟಾನೇ ಬುಡ್ತಾವ್ರಲ್ಲ, ಇನ್ ಗಾಡಿ ಯಾಕೆ ನಿಮ್ಗೆ?"

"ಯಾವ ತೋಟ? ಯಾರು ಬಿಡ್ತಿರೋದು?"

"ಇದೇನ್ ಸಾರ್ ಇಂಗಂತೀರಾ? ಅವತ್ತು ಗಾಡೀಲಿ ನಾನೂ ಇದ್ನಲ್ಲಾ. ಮುನ್ನೂರ್ ಗಿಡ ಒಬ್ಳ ಕೈಲಿ ಆಗಕಿಲ್ಲ, ತೋಟ ಬುಟ್ಬುಡನಾ ಅಂತ ಅವ್ರಂದ್ರು. ನೀವು ನಂಗೂ ಅಂಗೇ ಅನ್ಸ್ತದೆ ಅಂದ್ರಿ. ನಿಮ್ಗೇನೂ ಬೇಜಾರಿಲ್ವಾ ಅಂತ ಕೇಳುದ್ರು. ನೆಮ್ಮದಿ ಅಂದು ನಕ್ಬುಟ್ರಿ. ತಪ್ಪು ತಿಳ್ಕಬ್ಯಾಡಿ ಸಾರ್, ನಂಗೇ ಬೇಜಾರಾಯ್ತು."

ಫೋನು ಕೆಳಗಿಟ್ಟೆ. ನೆವ ಹೇಳಲು ಈ ಸಲ ಡೀಸೆಲ್ ಎಂಜಿನ್ ಇರಲಿಲ್ಲ. ಪಿಸುಮಾತೂ ಕೇಳಿಸುವಂಥ ಗಾಡಿಯಲ್ಲಿ, ಒಂದು ಮೊಳ ದೂರದಲ್ಲಿ ಕೂತ ಹೆಂಡತಿ ತನ್ನ ನಾಲ್ಕು ವರ್ಷದ ಕೆಲಸವನ್ನು ಕೈಬಿಡುವ ಮಾತಾಡಿದ್ದಳು. ಹಿಂದಿನ ಸೀಟಿನಲ್ಲಿದ್ದ ಹೊರಗಿನವರಿಗೆ ಅದು ಕೇಳಿತ್ತು, ನನಗೆ ಕೇಳಿರಲಿಲ್ಲ. ಹಳೆಯ ಕಾರಿನಲ್ಲಿ ಇನ್ನೂ ಏನೇನು ಹೇಳಿದ್ದಳೋ, ನಾನು ಯಾವುದಕ್ಕೆಲ್ಲ "ಹೂಂ" ಎಂದಿದ್ದೆನೋ.

ಬಸ್ಸು ಹಿಡಿದು ಆನೇಕಲ್ಲಿಗೆ ಹೋದೆ. ಅಲ್ಲಿಂದ ಆಟೋ. ಏರಿಯ ಮೇಲೆ ಇಳಿದು ಇಳಿಜಾರಿನಲ್ಲಿ ಎರಡು ಕಡೆ ಜಾರಿ, ಚಪ್ಪಲಿ ಕೈಯಲ್ಲಿ ಹಿಡಿದು ತೋಟ ಸೇರಿದೆ. ಆ ಇಳಿಜಾರಿನಲ್ಲಿ ಮಳೆಗಾಲದಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು.

ಸರೋಜ ಖಾಲಿ ಚೀಲಗಳನ್ನು ಕಟ್ಟು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾದಳು. "ಏನಾಯ್ತು? ಫೋನ್ ಮಾಡ್ಬಾರ್ದಾ?"

"ತೋಟ ಬಿಡ್ತೀಯಂತೆ."

"ನಿಮಗೆ ಹೇಳಿದ್ನಲ್ಲ. ಜಮೀನಿನವರಿಗೂ ನಿನ್ನೆ ಹೇಳ್ದೆ, ಈ ಮಳೆಗಾಲ ಮುಗಿದ ಮೇಲೆ ಅಂತ." ಅವಳ ಕೈ ನಿಲ್ಲಲಿಲ್ಲ. "ಅನಿತಾಗೆ ಆಗಲ್ಲ ಅಂತ ಇವತ್ತು ಹೇಳ್ಬೇಕು. ನೀವೂ ನೆಮ್ಮದಿ ಅಂದ್ರಲ್ಲ."

"ನನಗೆ ಕೇಳಿಸಿರ್ಲಿಲ್ಲ ಸರೋಜಾ."

"ಪೆಟ್ರೋಲ್ ಗಾಡಿ ಅದು" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. "ಅದಕ್ಕೆ ಸದ್ದೇ ಇರ್ಲಿಲ್ಲ."

"ಗೊತ್ತು. ಸದ್ದಿಲ್ದೇ ಇದ್ರೂ ಕೇಳ್ಸಲ್ಲ ನಂಗೆ. ಮನೇಲಿ ನಿನ್ನ ಮುಖ ನೋಡ್ಕೊಂಡು, ತುಟಿ ನೋಡ್ಕೊಂಡು ಹೇಗೋ ತಿಳ್ಕೊಳ್ತೀನಿ ಅನ್ಸತ್ತೆ. ಗಾಡಿ ಓಡಿಸ್ತಾ ಮುಖ ನೋಡೋಕಾಗಲ್ಲ. ಇಷ್ಟು ವರ್ಷ ಎಂಜಿನ್ ಮೇಲೆ ಹಾಕಿ ತಪ್ಪಿಸ್ಕೊಂಡೆ. ನನಗೇ ಗೊತ್ತಿರ್ಲಿಲ್ವಾ ಅಂದ್ರೆ, ಸ್ವಲ್ಪ ಗೊತ್ತಿತ್ತು."

ಈ ಕೊನೆಯ ವಾಕ್ಯ ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ಹೇಳಿ ಮುಗಿಸಿ ಪಕ್ಕದಲ್ಲಿದ್ದ ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟೆ. ಸದ್ದು ಕೇಳಿ ಎಂಜಿನ್ನಿನ ರೋಗ ಹೇಳುತ್ತಿದ್ದವನು ಎಂಬುದೊಂದೇ ನನ್ನ ಬಳಿ ಉಳಿದಿದ್ದ ಹೆಮ್ಮೆ. ಅದನ್ನು ಕೆಳಗಿಡಬೇಕಿತ್ತು.

ಸರೋಜ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ಆಮೇಲೆ ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ, ಎದ್ದು ಹತ್ತು ಹೆಜ್ಜೆ ಆಚೆ ಹೋಗಿ ನನಗೆ ಬೆನ್ನು ಮಾಡಿ ನಿಂತಳು. ನಾನು ಕಾದೆ. ತುಸು ಹೊತ್ತಿಗೆ ತಿರುಗಿದಳು. ಕಣ್ಣು ತುಂಬಿತ್ತು.

"ಏನಾದ್ರೂ ಕೇಳಿಸ್ತಾ?"

"ಇಲ್ಲ. ಏನಂದೆ?"

"ನಿಮ್ಮನ್ನ ಮೂರು ಸಲ ಕರೆದೆ."

ಹತ್ತಿರ ಬಂದು ಮೂಟೆಯ ಇನ್ನೊಂದು ತುದಿಯಲ್ಲಿ ಕೂತಳು. ಬೇಸರ ನನ್ನ ಕಿವಿಯ ಮೇಲಲ್ಲ, ಒಂಟಿಯಾಗಿ ಮಾಡುವುದರ ಮೇಲೆ ಎಂದಳು. ಒಂದು ತಿಂಗಳಿಂದ ಎಂಜಿನ್ನುಗಳ ಬಗ್ಗೆ ಇಷ್ಟು ಮಾತಾಡಿದಿರಿ, ಒಂದು ದಿನವಾದರೂ ಯಾವ ಗಿಡ, ಎಷ್ಟು ಗಿಡ, ಯಾರು ಹೊರುತ್ತಾರೆ ಎಂದು ಕೇಳಿದಿರಾ ಎಂದಳು. ನಾನು ಕಟ್ಟಿಟ್ಟಿದ್ದ ಚೀಲದ ಕಟ್ಟನ್ನು ಬಿಚ್ಚಿದೆ.

"ಇದರಲ್ಲಿ ಮಣ್ಣು ಎಷ್ಟು, ಗೊಬ್ಬರ ಎಷ್ಟು?" ಎಂದೆ.

"ಮೊದಲು ಕಿವಿ ತೋರಿಸ್ಕೊಂಡು ಬನ್ನಿ. ಆಮೇಲೆ ಮಣ್ಣು" ಎಂದಳು. ಆದರೂ ಅನಿತಾಳಿಗೆ ಆ ದಿನ ಫೋನು ಮಾಡಲಿಲ್ಲ.

ಕಿವಿ ಪರೀಕ್ಷೆಯ ಕೋಣೆ ಎಂದರೆ ದಪ್ಪ ಗೋಡೆಯ ಒಂದು ಪೆಟ್ಟಿಗೆ. ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದರು. ಸಾವಿರಾರು ಎಂಜಿನ್ನುಗಳನ್ನು ಕಟ್ಟಿಹಾಕಿ ಪರೀಕ್ಷಿಸಿದ ನಾನೇ ಈಗ ಪರೀಕ್ಷೆಗೆ ಕೂತಿದ್ದೆ. ಫೇಲಾಗಬಾರದೆಂದು ಮೊದಮೊದಲು ಕೇಳದಿದ್ದರೂ ಗುಂಡಿ ಒತ್ತಿದೆ. ಪರೀಕ್ಷಿಸುತ್ತಿದ್ದ ಹೆಣ್ಣುಮಗಳು ಗಾಜಿನಾಚೆಯಿಂದ ನಗುತ್ತ ಬೆರಳಾಡಿಸಿದಳು. ಆಗ ತಾನಿನ್ನೂ ಸದ್ದೇ ಬಿಟ್ಟಿರಲಿಲ್ಲ ಎಂದು, ನಾನು ಹೊರಗೆ ಬಂದ ಮೇಲೆ ಹೇಳಿದಳು.

ಅವಳು ತೋರಿಸಿದ ಗೆರೆ ಎಡಗಡೆ ನೆಟ್ಟಗಿದ್ದು ಬಲಗಡೆ ಇಳಿಜಾರಿನಂತೆ ಕೆಳಗಿಳಿದಿತ್ತು. "ನೋಡಿ ಅಂಕಲ್, ದಪ್ಪ ಸದ್ದು ನಿಮಗೆ ಚೆನ್ನಾಗಿ ಕೇಳತ್ತೆ. ಸಣ್ಣ, ತೆಳು ಸದ್ದು ಕೇಳಲ್ಲ. ಮಾತಲ್ಲಿ ಸ, ಶ, ತ, ಕ ಇವೆಲ್ಲ ಬಿಟ್ಟುಹೋಗತ್ತೆ. ಯಾರೋ ಮಾತಾಡ್ತಿದಾರೆ ಅಂತ ತಿಳಿಯತ್ತೆ, ಏನು ಅಂತ ತಿಳಿಯಲ್ಲ."

ನನ್ನ ಹೆಂಡತಿಯ ಹೆಸರಿನ ಮೊದಲ ಅಕ್ಷರವೇ ಆ ಪಟ್ಟಿಯಲ್ಲಿತ್ತು. ಪಕ್ಕದಲ್ಲಿದ್ದ ಸರೋಜ ಅದನ್ನು ಗಮನಿಸಿದಳೋ ಇಲ್ಲವೋ, ನನ್ನ ತೋಳು ಹಿಡಿದುಕೊಂಡಳು.

ಕಿವಿ ಮಷಿನ್ ಹಾಕಿಕೊಂಡ ಮೊದಲ ವಾರ ನಮ್ಮ ಮನೆ ನನಗೆ ಪರಿಚಯವೇ ಇರಲಿಲ್ಲ. ಫ್ಯಾನು ಕಿರುಗುಟ್ಟುತ್ತದೆ. ಫ್ರಿಜ್ಜು ತನ್ನಷ್ಟಕ್ಕೆ ಗೊಣಗುತ್ತದೆ. ನಾನು ಸಾರು ಸೊರ್ರೆಂದು ಕುಡಿಯುತ್ತೇನೆ! ಮೂವತ್ತು ವರ್ಷದಿಂದ ಇದನ್ನು ಸಹಿಸಿಕೊಂಡವಳ ಮೇಲೆ ಹೊಸ ಗೌರವ ಹುಟ್ಟಿತು. ಇನ್ನೊಂದು ಸಂಗತಿಯೂ ತಿಳಿಯಿತು. ನಾನು ಎಂಜಿನ್ನಿನ ಬಗ್ಗೆ ಮಾತು ಶುರುಮಾಡಿದರೆ ಸರೋಜ ಅಡುಗೆಮನೆಯಲ್ಲಿ ಮೆಲ್ಲಗೆ "ಶುರುವಾಯ್ತು" ಎನ್ನುತ್ತಾಳೆ. ಬಹುಶಃ ಮೊದಲಿಂದಲೂ ಅನ್ನುತ್ತಿದ್ದಳು. ಪಾಷಾನನ್ನೂ ಅದೇ ಪರೀಕ್ಷೆಗೆ ಎಳೆದುಕೊಂಡು ಹೋದೆ. ಈಗ ನಾವು ಫೋನಿನಲ್ಲಿ ಮಾತಾಡಿದರೆ ಬೀದಿಗೆ ಏನೂ ತಿಳಿಯುವುದಿಲ್ಲ.

ಬೆಳಿಗ್ಗೆ ಅವಳ ಜೊತೆ ತೋಟಕ್ಕೆ ಹೋಗಲು ಶುರುಮಾಡಿದೆ. ಚೀಲ ತುಂಬುವುದು, ನೀರು ಹಾಕುವುದು, ಹೊರುವುದು. ಸರೋಜ ಜಮೀನಿನವರಿಗೆ ಫೋನು ಮಾಡಿ ತಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ಅನಿತಾಳಿಗೆ ಮುನ್ನೂರು ಗಿಡಕ್ಕೆ ಹೂಂ ಎಂದಳು. ಮತ್ತೆ ಗಾಡಿಯ ಪ್ರಶ್ನೆ ಎದ್ದಿತು. ಈಗ ನಮ್ಮ ಪಕ್ಷಗಳು ಅದಲುಬದಲಾಗಿದ್ದವು.

"ಪೆಟ್ರೋಲ್ ತಗೊಳ್ಳೋಣ" ಎಂದೆ, ದೊಡ್ಡ ತ್ಯಾಗ ಮಾಡುವವನಂತೆ. "ಇನ್ಮೇಲೆ ನೀನು ಹೇಳಿದ್ದು ಒಂದಕ್ಷರವೂ ತಪ್ಪಿಹೋಗ್ಬಾರ್ದು."

"ಅದು ಒಳ್ಳೇ ಮಾತು" ಎಂದಳು. "ಆದ್ರೆ ನಿಮ್ಮ ಕಿವಿಗೆ ಮಷಿನ್ ಬಂತು, ನನ್ನ ಇಳಿಜಾರಿಗೆ ಏನೂ ಬಂದಿಲ್ಲ. ಎರಡು ಗಾಡೀನೂ ಇಲ್ಲಿಗೇ ತರಿಸಿ. ನಾನು ಓಡಿಸಿ ನೋಡ್ತೀನಿ."

ನಾನು ಓಡಿಸಿ ನೋಡ್ತೀನಿ! ತೋಟ ಅವಳದು, ಗಿಡ ಅವಳದು, ಡ್ರೈವಿಂಗ್ ಲೈಸೆನ್ಸ್ ಅವಳ ಹತ್ತಿರವೂ ಇತ್ತು. ಆದರೂ ಇಷ್ಟು ದಿನದ ನನ್ನ ಲೆಕ್ಕಾಚಾರದಲ್ಲೆಲ್ಲ ಚಾಲಕನ ಸೀಟಿನಲ್ಲಿ ನಾನೇ ಕೂತಿದ್ದೆ.

ಮಳೆ ನಿಂತ ಮರುದಿನ ಎರಡೂ ಗಾಡಿ ಬಂದವು. ಹಿಂದಿನ ವಾರವೇ ಪಾಷಾ ಅನಿತಾಳ ಡೀಸೆಲ್ ಗಾಡಿಯನ್ನು ಪೀಣ್ಯಕ್ಕೆ ತಂದು, ತುಮಕೂರು ರಸ್ತೆಯಲ್ಲಿ ಡಾಬಸ್‌ಪೇಟೆಯವರೆಗೆ ಒಂದೇ ಹದದಲ್ಲಿ ಓಡಿಸಿಕೊಂಡು ಬಂದಿದ್ದ. "ದೀಪ ಆರೋಯ್ತು ಸಾರ್. ಪಾಪ, ಅದಕ್ಕೆ ಓಟ ಸಿಕ್ಕಿರ್ಲಿಲ್ಲ ಅಷ್ಟೇ." ಮುನಿರಾಜಪ್ಪ ತಮ್ಮ ಗಾಡಿಯನ್ನು ಮದುಮಗಳಂತೆ ತೊಳೆಸಿ ತಂದಿದ್ದರು, ಏರಿಯ ಮೇಲೆ ನಿಂತು ಕೆಸರು ನೋಡಿ ಅವರ ಮುಖ ಬಾಡಿತು.

ಎರಡನ್ನೂ ತೋಟಕ್ಕಿಳಿಸಿ ಐವತ್ತೈವತ್ತು ಗಿಡ ತುಂಬಿದೆವು. ಪೆಟ್ರೋಲ್ ಗಾಡಿ ಹತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ, ಹತ್ತಿತು. ಆದರೆ ಅದರ ಬಲವೆಲ್ಲ ವೇಗದಲ್ಲಿದೆ. ಸರೋಜ ಜೋರಾಗಿ ಆಕ್ಸಿಲರೇಟರ್ ತುಳಿದಳು; ಗಾಡಿ ಮುನ್ನುಗ್ಗಿ ಹಾರಿದ ರಭಸಕ್ಕೆ ಒಳಗಿದ್ದ ಗಿಡಗಳಲ್ಲಿ ಹತ್ತಾರು ಮಗುಚಿದವು. ಹಿಪ್ಪೆಯದೊಂದು ಸುಳಿ ಮುರಿಯಿತು. ಡೀಸೆಲ್ ಗಾಡಿಯಲ್ಲಿ ಅವಳು ಪಾದವನ್ನು ಸುಮ್ಮನೆ ಊರಿದಳಷ್ಟೇ. ನಾಲ್ಕು ಚಕ್ರವೂ ಕೆಸರನ್ನು ಹಿಡಿದು ಹಿಡಿದು, ತುಂಬಿದ ಕೊಡ ಹೊತ್ತವರ ನಡಿಗೆಯಲ್ಲಿ ಮೇಲೆ ಹತ್ತಿತು. ಒಂದು ಗಿಡವೂ ಅಲುಗಲಿಲ್ಲ.

ಅವಳು ಮೇಲಿನಿಂದಲೇ ಕೂಗಿದಳು. "ಇದೇ ಸಾಕು! ಆನೇಕಲ್ಲಿಂದ ವೈಟ್‌ಫೀಲ್ಡಿಗೆ ದಿನಾ ಓಟಾನೂ ಸಿಗತ್ತೆ ಇದಕ್ಕೆ!"

ಅಷ್ಟು ದೂರದಿಂದ ನನಗೆ ಎಲ್ಲವೂ ಕೇಳಿತು. ಎಂಜಿನ್ ಓಡುತ್ತಲೇ ಇತ್ತು.

ಮುನಿರಾಜಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಓಗ್ಲಿ ಬುಡಿ ಅಕ್ಕ. ನಂಗೊಂದ್ ನಾಕ್ ಹೊಂಗೆ ಗಿಡ ಕೊಡಿ. ಬಾಡಿಗೆ ಮನೆಗೋಳ ಮುಂದೆ ಒಂದ್ ನೆಳ್ಳಿಲ್ಲ" ಎಂದು ಗಿಡಗಳನ್ನು ತಮ್ಮ ತೊಳೆದ ಗಾಡಿಯಲ್ಲೇ ಹಾಕಿಕೊಂಡು ಹೊರಟರು. ಆ ಗಾಡಿಯನ್ನು ಮುಂದೆ ಯಲಹಂಕದ ಕಡೆಯ ಸಂಗೀತಗಾರರೊಬ್ಬರು ವೀಣೆ ಸಾಗಿಸಲು ಕೊಂಡರಂತೆ. ಅವರಿಗೆ ಅದೇ ಸರಿ.

ಆರು ಓಡಾಟದಲ್ಲಿ ಮುನ್ನೂರು ಗಿಡ ವೈಟ್‌ಫೀಲ್ಡ್ ಸೇರಿದವು. ಸರೋಜಳೇ ಓಡಿಸಿದಳು, ನಾನು ಪಕ್ಕದಲ್ಲಿ ಕೂತು ಮೇಲಿಂದ ಮೇಲೆ "ಏನಂದೆ?" ಎಂದು ಕೇಳುತ್ತಿದ್ದೆ. ಮಷಿನ್ ಇದ್ದರೂ ಡೀಸೆಲ್ ಸದ್ದಿನಲ್ಲಿ ಒಂದೊಂದು ಮಾತು ಈಗಲೂ ತಪ್ಪುತ್ತದೆ. ಕೇಳಿದರೆ ಇನ್ನೊಮ್ಮೆ ಹೇಳುತ್ತಾಳೆ. ಇಷ್ಟು ಸುಲಭದ ರಿಪೇರಿ ನನ್ನ ಕಸುಬಿನಲ್ಲಿ ಎಲ್ಲೂ ನೋಡಿರಲಿಲ್ಲ.

ಕೊನೆಯ ಓಡಾಟದ ದಿನ ಕೆರೆಯ ಹತ್ತಿರ ಗಿಡ ಇಳಿಸುತ್ತಿದ್ದಾಗ ಅಪಾರ್ಟ್‌ಮೆಂಟಿನ ಕಾವಲಿನವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ಮುಂದೆ ಬಂದು ನಿಂತರು.

"ಸಕ್ಕತ್ತಾಗಿದೆ ಸಾರ್ ಗಾಡಿ. ಡೀಸೆಲ್ಲಾ, ಪೆಟ್ರೋಲಾ? ಯಾವ್ದು ತಗೊಂಡ್ರೆ ಒಳ್ಳೇದು?"

ಬಾಯಿ ತೆರೆದೆ. ಇಂಧನ ಹೊತ್ತಿಕೊಳ್ಳುವ ಬಗೆಯಿಂದ ಹಿಡಿದು ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. "ಮೇಡಂನ ಕೇಳಿ. ಗಾಡಿ ಅವರದು" ಎಂದೆ.

ಸರೋಜ ಕೈಯಲ್ಲಿದ್ದ ನೇರಳೆ ಗಿಡವನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ ಶುರುಮಾಡಿದಳು. ಡೀಸೆಲ್ ಹೇಗೆ ತಾನಾಗಿ ಹೊತ್ತಿಕೊಳ್ಳುತ್ತದೆ, ಪೆಟ್ರೋಲಿಗೆ ಯಾಕೆ ಕಿಡಿ ಬೇಕು, ಯಾರಿಗೆ ಯಾವುದು ಸರಿ. ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು, ಒಂದನ್ನೂ ಬಿಡದೆ. ಕಾವಲಿನವರು ತಲೆದೂಗುತ್ತ ನಿಂತಿದ್ದರು.

ಅವಳ ವಿವರಣೆಯಲ್ಲಿ ಒಂದು ಕಡೆ ಸಣ್ಣ ತಪ್ಪಿತ್ತು. ನಾನು ತಿದ್ದಲು ಹೋಗಲಿಲ್ಲ; ಗಾಡಿಗೆ ಒರಗಿ ನಿಂತು ಕೊನೆಯವರೆಗೂ ಕೇಳಿಸಿಕೊಂಡೆ.